ಆರೋಗ್ಯಕ್ಕಾಗಿ ಸಮರಕಲೆ ಕಲಿಯುವ ವಯಸ್ಕರು ಮತ್ತು ಗಾಯದ ಅಪಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳು ಪದಕಕ್ಕಾಗಿ ಸ್ಪರ್ಧಿಸುವವರದ್ದಲ್ಲ. ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿದು, ನಸುಕಿನಲ್ಲಿಯೋ ಸಂಜೆಯೋ ಒಂದು ಗಂಟೆ ಕರಾಟೆ, ಟೇಕ್ವಾಂಡೋ, ಕಿಕ್‌ಬಾಕ್ಸಿಂಗ್, ಜಿಯು-ಜಿತ್ಸು ಅಥವಾ ಕಳರಿಪಯಟ್ಟು ತರಗತಿಗೆ ಹೋಗುವ, ಮೂವತ್ತರಿಂದ ಅರವತ್ತರ ಪ್ರಾಯದವರು ಕೇಳುವಂಥವು. ನಾನು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಕರಾಟೆ ಆರಂಭಿಸಿದವನು. ಕೆಲವು ವರ್ಷಗಳಿಂದ ನಮ್ಮ ವಯಸ್ಕರ ಬ್ಯಾಚಿಗೆ ಹೊಸದಾಗಿ ಸೇರುವವರನ್ನು ಮೊದಲ ತಿಂಗಳುಗಳಲ್ಲಿ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ವೈದ್ಯನಲ್ಲ. ಇಲ್ಲಿ ಬರೆದಿರುವುದು ತಿಳಿವಳಿಕೆಗಾಗಿ ಮಾತ್ರ; ನಿಮ್ಮ ದೇಹವನ್ನು ಪರೀಕ್ಷಿಸಿದ ವೈದ್ಯರು ಬೇರೆ ಮಾತು ಹೇಳಿದರೆ ಅವರ ಮಾತೇ ನಡೆಯಬೇಕು.

ಸ್ಪರ್ಧೆಗೆ ಹೋಗದೆ, ಕೇವಲ ಆರೋಗ್ಯಕ್ಕಾಗಿ ಕಲಿಯುವವರಿಗೂ ಗಾಯಗಳಾಗುತ್ತವೆಯೆ?

ಆಗುತ್ತವೆ. ಐದು ಬಗೆಯ ಸಮರಕಲೆಗಳನ್ನು ಹೋಲಿಸಿ 2005ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 263 ಅಭ್ಯಾಸಿಗಳ ವಿವರಗಳನ್ನು ಕಲೆಹಾಕಲಾಗಿತ್ತು. ಅಭ್ಯಾಸವನ್ನು ಕೆಲಕಾಲ ನಿಲ್ಲಿಸಬೇಕಾಗಿ ಬಂದಂಥ ಗಾಯ ಒಂದು ವರ್ಷದಲ್ಲಿ ಎಷ್ಟು ಜನರಿಗೆ ಆಯಿತು ಎಂದು ನೋಡಿದಾಗ ಟೇಕ್ವಾಂಡೋದಲ್ಲಿ ಶೇ. 59, ಐಕಿಡೋದಲ್ಲಿ ಶೇ. 51, ಕುಂಗ್ ಫೂದಲ್ಲಿ ಶೇ. 38, ಶೊಟೊಕಾನ್ ಕರಾಟೆಯಲ್ಲಿ ಶೇ. 30, ತೈ ಚಿಯಲ್ಲಿ ಶೇ. 14 ಎಂಬ ಲೆಕ್ಕ ಸಿಕ್ಕಿತು. ಸಣ್ಣ ಸಮೂಹವಾದ್ದರಿಂದ ಈ ಅಂಕಿಗಳನ್ನೇ ಶಾಸನವೆಂದು ಹಿಡಿಯಬೇಕಿಲ್ಲ. ಆದರೆ ಅದೇ ಅಧ್ಯಯನ ಕಂಡುಕೊಂಡ ಇನ್ನೆರಡು ಸಂಗತಿಗಳು ನಮ್ಮಂಥವರಿಗೆ ಹೆಚ್ಚು ಮುಖ್ಯ: ಹದಿನೆಂಟು ತುಂಬಿದವರಿಗೆ ಮಕ್ಕಳಿಗಿಂತ ಗಾಯದ ಸಂಭವ ಹೆಚ್ಚಿತ್ತು, ಮತ್ತು ವಾರಕ್ಕೆ ಮೂರು ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡುವವರಲ್ಲಿಯೂ ಅದು ಏರಿತ್ತು. ಅಂದರೆ ಅಪಾಯವನ್ನು ನಿರ್ಧರಿಸುವುದು ಎದುರಿಗೆ ನಿಂತವನ ಮುಷ್ಟಿ ಮಾತ್ರವಲ್ಲ. ನಮ್ಮ ವಯಸ್ಸು ಮತ್ತು ನಾವು ದೇಹದ ಮೇಲೆ ಹೇರುವ ಹೊರೆಯೂ ಹೌದು.

ಹೊಸಬರನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಗಟ್ಟಿಯಾಗಿರುವ ಅಭಿಪ್ರಾಯವೂ ಇದೇ. ವಯಸ್ಕರಿಗೆ ಆಗುವ ಗಾಯಗಳಲ್ಲಿ ಹೆಚ್ಚಿನವು ಹೊಡೆದಾಟದಿಂದ ಆಗುವುದಿಲ್ಲ, ಆತುರದಿಂದ ಆಗುತ್ತವೆ. ಹಾಗಾಗಿಯೇ ಅವುಗಳಲ್ಲಿ ಬಹಳಷ್ಟನ್ನು ತಪ್ಪಿಸಬಹುದು.

ಯಾವ ಕಲೆಯಲ್ಲಿ ಅಪಾಯ ಕಡಿಮೆ?

ಕಲೆಯ ಹೆಸರನ್ನು ನೋಡಿ ತೀರ್ಮಾನಿಸಬೇಡಿ; ಆ ತರಗತಿಯಲ್ಲಿ ವಾಸ್ತವವಾಗಿ ಏನು ಮಾಡಿಸುತ್ತಾರೆ ಎಂಬುದನ್ನು ನೋಡಿ. ಒಂದೇ ಕರಾಟೆಯ ಹೆಸರಿನಲ್ಲಿ ಒಂದು ಕಡೆ ಮುಕ್ಕಾಲು ಗಂಟೆ ಕಾಟಾ (ಎದುರಾಳಿಯಿಲ್ಲದೆ ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿ) ಮತ್ತು ಮೂಲ ಹೊಡೆತಗಳ ಅಭ್ಯಾಸ ನಡೆದರೆ, ಇನ್ನೊಂದು ಕಡೆ ಎರಡನೆಯ ವಾರದಲ್ಲೇ ಗ್ಲೌಸ್ ತೊಡಿಸಿ ಕಾದಾಟಕ್ಕೆ ಬಿಡುತ್ತಾರೆ. ಇವೆರಡರ ಅಪಾಯ ಒಂದೇ ಅಲ್ಲ.

ಆದರೂ ಪ್ರತಿಯೊಂದು ಕಲೆಗೂ ಅದರದೇ ಆದ ದುರ್ಬಲ ಜಾಗಗಳಿವೆ. ಟೇಕ್ವಾಂಡೋ, ಕರಾಟೆಗಳಲ್ಲಿ ಕಾಲಿನ ಬೆರಳು, ಪಾದದ ಕೀಲು, ಮಂಡಿ, ತೊಡೆಯ ಹಿಂಭಾಗದ ಸ್ನಾಯು ಹೆಚ್ಚಾಗಿ ಪೆಟ್ಟು ತಿನ್ನುತ್ತವೆ. ಬಾಕ್ಸಿಂಗ್ ಮತ್ತು ಕಿಕ್‌ಬಾಕ್ಸಿಂಗ್‌ನಲ್ಲಿ ಮಣಿಕಟ್ಟು, ಗೆಣ್ಣುಗಳು ಮತ್ತು ತಲೆ. ಜಿಯು-ಜಿತ್ಸುವಿನಲ್ಲಿ ಬೆರಳು, ಮೊಣಕೈ, ಭುಜ, ಕುತ್ತಿಗೆ. ಕಳರಿಯಲ್ಲಿ ನೆಲಕ್ಕೆ ತಗ್ಗಿ ನಿಲ್ಲುವ ವಡಿವುಗಳು, ಅಂದರೆ ನಿಲುವುಗಳು, ಮತ್ತು ಎತ್ತರಕ್ಕೆ ಬೀಸುವ ಕಾಲುಗಳು ಸೊಂಟ ಹಾಗೂ ತೊಡೆಸಂದನ್ನು ಪರೀಕ್ಷೆಗೆ ಒಡ್ಡುತ್ತವೆ.

ಜೂಡೊ ವಿಷಯದಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಜಿಗೊರೊ ಕಾನೊ ಅವರು 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಎಂಬ ಜೂಡೊ ಶಾಲೆಯನ್ನು ಸ್ಥಾಪಿಸಿದಾಗಿನಿಂದ ಬೀಳುವುದನ್ನು ಕಲಿಯುವುದು, ಅಂದರೆ ಉಕೆಮಿ, ಆ ಕಲೆಯ ಅಡಿಪಾಯ. ಗದ್ದವನ್ನು ಎದೆಗೆ ಒತ್ತಿ, ತಲೆ ನೆಲಕ್ಕೆ ತಾಗದಂತೆ, ತೋಳಿನಿಂದ ನೆಲವನ್ನು ಬಡಿದು ಬೀಳುವ ಈ ವಿದ್ಯೆ ಬಾರದವರನ್ನು ಎತ್ತಿ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಶಾಲೆಗಳೇ ಸಾಕ್ಷಿ: 1983ರಿಂದ ಸುಮಾರು ಮೂರು ದಶಕಗಳಲ್ಲಿ ಅಲ್ಲಿ ಜೂಡೊ ಅಭ್ಯಾಸದಲ್ಲಿ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಸತ್ತರು. ತಲೆಯ ಪೆಟ್ಟು ಅದರಲ್ಲಿ ದೊಡ್ಡ ಕಾರಣವಾಗಿತ್ತು, ಸತ್ತವರಲ್ಲಿ ಅನೇಕರು ಆಗತಾನೆ ಕಲಿಯಲು ಆರಂಭಿಸಿದ್ದವರು. ಆ ಮಕ್ಕಳ ಸಾವನ್ನು ನೆನೆದಾಗಲೆಲ್ಲ, ಬೀಳುವುದನ್ನು ವಾರಗಟ್ಟಲೆ ಕಲಿಸದೆ ಎಸೆತಕ್ಕೆ ಹೋಗುವ ಯಾವ ತರಗತಿಗೂ ಯಾರನ್ನೂ ಕಳಿಸಬಾರದು ಎನ್ನಿಸುತ್ತದೆ.

ನಲವತ್ತು ದಾಟಿದ ಮೇಲೆ ದೇಹದಲ್ಲಿ ನಿಜವಾಗಿ ಏನು ಬದಲಾಗಿರುತ್ತದೆ?

ಸ್ನಾಯು ಬೇಗ ಬಲಗೊಳ್ಳುತ್ತದೆ, ಸ್ನಾಯುವನ್ನು ಮೂಳೆಗೆ ಕಟ್ಟಿಹಾಕುವ ಸ್ನಾಯುರಜ್ಜು ನಿಧಾನವಾಗಿ ಬಲಗೊಳ್ಳುತ್ತದೆ. ಅಪಾಯ ಅಡಗಿರುವುದು ಈ ಅಂತರದಲ್ಲಿ. ಆರನೆಯ ವಾರಕ್ಕೆ ಉಸಿರು ಹಿಡಿತಕ್ಕೆ ಬಂದಿರುತ್ತದೆ, ಕಾಲಿಗೆ ಕಸುವು ಬಂದಂತೆ ಕಾಣುತ್ತದೆ, ಹಳೆಯ ಶಾಲಾ ದಿನಗಳ ಹುರುಪು ಮರಳಿರುತ್ತದೆ. ಆದರೆ ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜು ಇನ್ನೂ ಕುರ್ಚಿಯ ಬದುಕಿನ ಸ್ಥಿತಿಯಲ್ಲೇ ಇರುತ್ತದೆ.

ನಮ್ಮ ಬ್ಯಾಚಿನಲ್ಲಿ ನಲವತ್ತೈದರ ಆಸುಪಾಸಿನ ಒಬ್ಬರು ಎರಡನೆಯ ತಿಂಗಳಲ್ಲಿ ಹಿಂದಕ್ಕೂ ಮುಂದಕ್ಕೂ ಜಿಗಿಯುವ ಅಭ್ಯಾಸ ಮಾಡುತ್ತಿದ್ದರು. ಒಣ ಕಡ್ಡಿ ಮುರಿದಂಥ ಸದ್ದು ಕೇಳಿಸಿತು. ಅವರು ಸರ್ರನೆ ಹಿಂದಿರುಗಿ, "ಯಾರ್ರೀ ಒದ್ದಿದ್ದು?" ಎಂದು ಕೇಳಿದರು. ಹಿಂದೆ ಯಾರೂ ಇರಲಿಲ್ಲ. ಹೆಜ್ಜೆ ಇಡಲು ಹೋದಾಗ ಪಾದ ಸಡಿಲವಾಗಿ ಜೋತಂತಾಯಿತು. ನೋವು ಮಾತ್ರ ನಾವು ಭಾವಿಸಿದಷ್ಟು ಇರಲಿಲ್ಲ. ಅಕಿಲಿಸ್ ರಜ್ಜು ಹರಿದಾಗ ಹೆಚ್ಚಿನವರಿಗೆ ಆಗುವ ಅನುಭವ ಇದೇ, ಹಿಂದಿನಿಂದ ಯಾರೋ ಒದ್ದಂತೆ. ಮೂವತ್ತರಿಂದ ಐವತ್ತರ ನಡುವಿನ, ಅಪರೂಪಕ್ಕೆ ಆಟವಾಡುವ ಗಂಡಸರಲ್ಲಿ ಇದು ಹೆಚ್ಚು. ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿದಾಗ ಪಾದ ಕೆಳಕ್ಕೆ ಬಾಗದಿದ್ದರೆ ರಜ್ಜು ಹರಿದಿರುವ ಸಂಭವ ಬಲವಾಗಿದೆ ಎಂದು ವೈದ್ಯರು ನೋಡುತ್ತಾರೆ. ನೋವು ಕಡಿಮೆ ಇದೆಯೆಂದು ಮನೆಯಲ್ಲಿ ಉಳಿದರೆ ಚಿಕಿತ್ಸೆ ಕಷ್ಟವಾಗುತ್ತದೆ.

ಇದಕ್ಕೆ ಸೇರಿದ, ಬಹಳ ಜನಕ್ಕೆ ತಿಳಿಯದ ಇನ್ನೊಂದು ಸಂಗತಿಯಿದೆ. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್‌ನಂಥ ಆ್ಯಂಟಿಬಯೊಟಿಕ್ ಮಾತ್ರೆಗಳು ರಜ್ಜುಗಳನ್ನು ದುರ್ಬಲಗೊಳಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದರು. ಅರವತ್ತು ದಾಟಿದವರಿಗೆ ಮತ್ತು ಸ್ಟೀರಾಯ್ಡ್ ಸೇವಿಸುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಹೊಟ್ಟೆ ಕೆಟ್ಟಾಗ, ಮೂತ್ರದ ಸೋಂಕಾದಾಗ ನಮ್ಮಲ್ಲಿ ಈ ಮಾತ್ರೆಗಳ ಬಳಕೆ ಸಾಮಾನ್ಯ. ಅಂಥ ಔಷಧಿ ತೆಗೆದುಕೊಳ್ಳುವಾಗ ಮತ್ತು ಆಮೇಲಿನ ಕೆಲವು ವಾರ ಜಿಗಿತ, ಸ್ಕಿಪ್ಪಿಂಗ್ ಮಾಡಬಹುದೆ ಎಂದು ವೈದ್ಯರನ್ನು ಕೇಳಿ. ಹಿಮ್ಮಡಿಯಲ್ಲಿ ನೋವು ಕಾಣಿಸಿದರೆ ಅಭ್ಯಾಸ ನಿಲ್ಲಿಸಿ.

ಸೇರುವ ಮುನ್ನ ವೈದ್ಯಕೀಯ ತಪಾಸಣೆ ಬೇಕೆ?

ಆರೋಗ್ಯವಾಗಿದ್ದು, ದಿನವೂ ಬಿರುಸಾಗಿ ನಡೆಯುವ ರೂಢಿಯಿರುವವರು ನಿಧಾನವಾಗಿ ಆರಂಭಿಸಲು ದೊಡ್ಡ ಅಡ್ಡಿಯಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಎದೆನೋವು, ನಡೆಯುವಾಗ ತಲೆ ತಿರುಗುವುದು, ಹತ್ತಿರದ ಬಂಧುಗಳಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದ ಇತಿಹಾಸ, ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರನ್ನು ಕಾಣಬೇಕು. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ಹೊಡೆತ ಬೀಳುವ ಅಭ್ಯಾಸಕ್ಕೆ ಇಳಿಯಲೇಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಬಗೆಯ ಮಾತ್ರೆ ಸೇವಿಸುವವರಿಗೆ ತರಗತಿಯ ನಡುವೆ ಸಕ್ಕರೆ ತೀರಾ ಇಳಿದುಬಿಡಬಹುದು. ಚೀಲದಲ್ಲಿ ಗ್ಲುಕೋಸ್ ಇರಲಿ, ಜೊತೆಯವರಿಗೆ ವಿಷಯ ತಿಳಿದಿರಲಿ. ಬರಿಗಾಲಲ್ಲಿ ಅಭ್ಯಾಸ ಮಾಡುವ ಸಕ್ಕರೆ ಕಾಯಿಲೆಯವರು ಮನೆಗೆ ಹೋದ ಮೇಲೆ ಅಂಗಾಲನ್ನು ಕಣ್ಣಾರೆ ನೋಡಿಕೊಳ್ಳಬೇಕು, ಏಕೆಂದರೆ ನರಗಳು ಮಂದವಾಗಿದ್ದರೆ ಸೀಳು, ಗುಳ್ಳೆಗಳ ನೋವೇ ತಿಳಿಯುವುದಿಲ್ಲ.

ಮೊದಲ ಮೂರು ತಿಂಗಳು ಹೇಗಿರಬೇಕು?

ವಾರಕ್ಕೆ ಎರಡು ದಿನ, ಹೆಚ್ಚೆಂದರೆ ಮೂರು ದಿನ, ನಡುವೆ ಬಿಡುವು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮವನ್ನು ಅಥವಾ 75ರಿಂದ 150 ನಿಮಿಷಗಳ ಬಿರುಸಿನ ಶ್ರಮವನ್ನು, ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನು ಸೂಚಿಸುತ್ತದೆ. ಸಮರಕಲೆಯ ತರಗತಿ ಬಿರುಸಿನ ಶ್ರಮವೇ ಆದ್ದರಿಂದ, ಒಂದು ಗಂಟೆಯ ಎರಡು ತರಗತಿಗಳಿಂದಲೇ ಆರೋಗ್ಯದ ಲೆಕ್ಕ ಬಹುತೇಕ ತುಂಬುತ್ತದೆ. ಉಳಿದ ದಿನಗಳಲ್ಲಿ ನಡಿಗೆ ಮತ್ತು ಮೀನಖಂಡ, ತೊಡೆ, ಸೊಂಟಗಳನ್ನು ಬಲಪಡಿಸುವ ಸರಳ ವ್ಯಾಯಾಮ ಸಾಕು. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಮೇಲೆತ್ತಿ ನಿಧಾನವಾಗಿ ಕೆಳಗಿಳಿಸುವ ಅಭ್ಯಾಸವೊಂದನ್ನೇ ದಿನ ಬಿಟ್ಟು ದಿನ ಮಾಡಿದರೂ ಪಾದ ಮತ್ತು ಮೀನಖಂಡಗಳಿಗೆ ದೊಡ್ಡ ಉಪಕಾರ.

ಮೊದಲ ದಿನವೇ ನೂರಾರು ಬೈಠಕ್ ಹೊಡೆಸಿ ಹೊಸಬರ ಕೆಚ್ಚು ಪರೀಕ್ಷಿಸುವ ಚಾಳಿ ಕೆಲವು ಕಡೆ ಇನ್ನೂ ಇದೆ. ಇದು ಶಿಸ್ತಲ್ಲ. ರೂಢಿಯಿಲ್ಲದ ದೇಹ ಮಿತಿಮೀರಿ ದಣಿದಾಗ ಸ್ನಾಯುವಿನ ಎಳೆಗಳು ಒಡೆದು, ಅದರೊಳಗಿನ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುವ ಸ್ಥಿತಿಯೊಂದಿದೆ. ವೈದ್ಯರು ಅದನ್ನು ರಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ಒಂದೆರಡು ದಿನಗಳಲ್ಲಿ ತೊಡೆ ಊದಿಕೊಂಡು, ಅಸಹನೀಯವಾಗಿ ನೊಂದು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಸಾಮಾನ್ಯ ಮೈಕೈ ನೋವಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಮ್ಮ ಗರಡಿಮನೆಗಳಲ್ಲಿಯೂ ಸಾವಿರ ಬೈಠಕ್ ಹೊಡೆಯುವ ಪೈಲ್ವಾನರಿದ್ದಾರೆ, ನಿಜ. ಆದರೆ ಅವರು ಹತ್ತು, ಇಪ್ಪತ್ತರಿಂದ ಆರಂಭಿಸಿ ವರ್ಷಗಳ ತಾಲೀಮಿನಲ್ಲಿ ಅಲ್ಲಿಗೆ ತಲುಪಿದವರು.

ಸ್ಪಾರಿಂಗ್ (ಎದುರಾಳಿಯೊಡನೆ ಅಭ್ಯಾಸದ ಕಾದಾಟ) ಮಾಡಲೇಬೇಕೆ?

ಬೇಕಿಲ್ಲ. ಹೃದಯ, ಉಸಿರು, ಸ್ನಾಯು, ಸಮತೋಲನ, ಮನಸ್ಸಿನ ಲವಲವಿಕೆ, ಇವೆಲ್ಲಕ್ಕೂ ಕಾಟಾ, ಪ್ಯಾಡ್ ಹೊಡೆತ, ತೂಗುಹಾಕಿದ ಚೀಲಕ್ಕೆ ಹೊಡೆತ, ಜೋಡಿಯಾಗಿ ಮಾಡುವ ನಿಗದಿತ ಅಭ್ಯಾಸಗಳು ಸಾಕಾಗುತ್ತವೆ. ಸ್ಪಾರಿಂಗ್‌ನಲ್ಲಿ ಬೇರೆ ಬಗೆಯ ಕಲಿಕೆಯಿದೆ, ಸಂತೋಷವೂ ಇದೆ. ನಾನೇ ಅದನ್ನು ಬಿಟ್ಟಿಲ್ಲ. ಆದರೆ ಅದನ್ನು ಮಾಡುವುದೋ ಬೇಡವೋ ಎಂಬುದು ನಿಮ್ಮ ಆಯ್ಕೆಯಾಗಿರಬೇಕು, ಬೆಲ್ಟ್ ಪರೀಕ್ಷೆಯ ಮುಲಾಜಿಗಾಗಲೀ ಹಿಂಜರಿಕೆಯಿಂದಾಗಲೀ ಒಪ್ಪಿಕೊಳ್ಳಬಾರದು.

ಮಾಡುವುದಾದರೆ ಆರಂಭಕ್ಕೆ ಮುನ್ನ ಇಬ್ಬರೂ ಬಾಯಿಬಿಟ್ಟು ಮಾತಾಡಿಕೊಳ್ಳಿ. "ಸರ್, ತಲೆಗೆ ಬೇಡ, ಅರ್ಧ ಬಲ ಮಾತ್ರ" ಎಂದು ಹೇಳಲು ಸಂಕೋಚ ಬೇಡ. ಗಾಯಗಳು ಹೆಚ್ಚಾಗಿ ಆಗುವ ಒಂದು ಕ್ಷಣವನ್ನು ಗುರುತಿಸಲು ನಾನು ಕಲಿತಿದ್ದೇನೆ: ಒಬ್ಬರ ಏಟು ಎಣಿಸಿದ್ದಕ್ಕಿಂತ ಸ್ವಲ್ಪ ಜೋರಾಗಿ ತಾಗುತ್ತದೆ, ಇನ್ನೊಬ್ಬರು ಏನೂ ಹೇಳದೆ ಮುಂದಿನ ಏಟನ್ನು ಅಷ್ಟೇ ಜೋರಾಗಿ ಹಿಂದಿರುಗಿಸುತ್ತಾರೆ, ಅರ್ಧ ನಿಮಿಷದಲ್ಲಿ ಇಬ್ಬರೂ ಪೂರ್ಣ ಬಲಕ್ಕೆ ಏರಿರುತ್ತಾರೆ. ಮೊದಲ ಜೋರಿನ ಏಟಿಗೇ ಕೈ ಎತ್ತಿ ನಿಲ್ಲಿಸಿ, ಒಂದು ಉಸಿರು ತೆಗೆದುಕೊಂಡು, ಬಲ ಇಳಿಸೋಣ ಎಂದರೆ ಇದು ಅಲ್ಲಿಗೇ ಮುಗಿಯುತ್ತದೆ. ಜೋಡಿಯ ತೂಕದಲ್ಲಿ ಬಹಳ ಅಂತರವಿರಬಾರದು. ಅಷ್ಟೇ ಮುಖ್ಯವಾಗಿ, ಹೊಸಬರಿಬ್ಬರನ್ನು ಜೊತೆಗೆ ಬಿಡಬಾರದು. ಅಂಗವನ್ನು ಹಿಡಿತದಲ್ಲಿಡಲು ಬಾರದವರು ಯಾರನ್ನೂ ನೋಯಿಸುವ ಉದ್ದೇಶವಿಲ್ಲದೆಯೇ ನೋಯಿಸಿಬಿಡುತ್ತಾರೆ.

ಜಿಯು-ಜಿತ್ಸುವಿನಲ್ಲಿ ಸೋಲೊಪ್ಪುವ ಸಂಕೇತ ಅಂಗೈಯಿಂದ ಎರಡು ಮೂರು ಬಾರಿ ತಟ್ಟುವುದು. ಕೈ ಸಿಕ್ಕಿಕೊಂಡಿದ್ದರೆ ಕಾಲಿನಿಂದ ತಟ್ಟಿ, ಇಲ್ಲವೆ ಬಾಯಲ್ಲಿ ಹೇಳಿ. ನೋವು ಬಂದ ಮೇಲೆ ತಟ್ಟುವುದಲ್ಲ, ಬಿಡಿಸಿಕೊಳ್ಳಲಾರೆ ಎಂದು ತಿಳಿದೊಡನೆ ತಟ್ಟಬೇಕು. ಮಂಡಿಯನ್ನು ತಿರುಚುವ ಹಿಡಿತಗಳಲ್ಲಿ ನೋವು ತಿಳಿಯುವಷ್ಟರಲ್ಲಿ, ಮೂಳೆಗಳನ್ನು ಒಂದಕ್ಕೊಂದು ಬಿಗಿದಿಡುವ ಅಸ್ಥಿರಜ್ಜು ಹರಿದಿರಬಹುದು. ಕುತ್ತಿಗೆ ಹಿಚುಕುವ ಹಿಡಿತಗಳ ನಂತರ ಕತ್ತಿನ ಒಂದೇ ಪಕ್ಕದಲ್ಲಿ ಹೊಸ ನೋವು, ಒಂದು ಕಣ್ಣಿನ ರೆಪ್ಪೆ ಜೋಲುವುದು, ದೃಷ್ಟಿ ಮಂಜಾಗುವುದು, ಮಾತು ತೊದಲುವುದು ಕಂಡರೆ, ಅಪರೂಪದ್ದಾದರೂ, ಕತ್ತಿನ ರಕ್ತನಾಳದ ಒಳಪದರ ಸೀಳಿರುವ ಸಾಧ್ಯತೆಯಿದೆ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತಲೆಗೆ ಪೆಟ್ಟು ಬಿದ್ದರೆ, ಪ್ರಜ್ಞೆ ತಪ್ಪದಿದ್ದರೆ ಭಯವಿಲ್ಲ ಅಲ್ಲವೆ?

ಇದು ತಪ್ಪು ತಿಳಿವಳಿಕೆ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗ ಜಟ್ಟಿಗಳಲ್ಲಿ ಒಬ್ಬರ ತಲೆಯಿಂದ ರಕ್ತ ಚಿಮ್ಮಿದೊಡನೆ ನಿಲ್ಲುತ್ತದೆ. ಅಲ್ಲಿ ಪೆಟ್ಟು ಎಲ್ಲರಿಗೂ ಕಾಣುತ್ತದೆ. ಮಿದುಳಿನ ಅಲುಗಾಟದಿಂದ ಆಗುವ ಕನ್ಕಷನ್‌ನಲ್ಲಿ ರಕ್ತವೂ ಇಲ್ಲ, ಬಾವೂ ಇಲ್ಲ, ಹೆಚ್ಚಿನ ಸಂದರ್ಭಗಳಲ್ಲಿ ಪ್ರಜ್ಞೆಯೂ ತಪ್ಪುವುದಿಲ್ಲ. ತಲೆನೋವು, ಮಂಕು, ತಲೆಸುತ್ತು, ಬೆಳಕು ಕಂಡರೆ ಕಿರಿಕಿರಿ, ಈಗಷ್ಟೇ ಹೇಳಿಕೊಟ್ಟದ್ದು ಮರೆತುಹೋಗುವುದು, ಕಾರಣವಿಲ್ಲದ ಸಿಡುಕು, ಇವೇ ಗುರುತುಗಳು. ಕೆಲವು ಕಾಣಿಸಿಕೊಳ್ಳಲು ಗಂಟೆಗಟ್ಟಲೆ ಹಿಡಿಯಬಹುದು.

ಅನುಮಾನ ಬಂದರೆ ಆ ದಿನ ಮತ್ತೆ ಅಭ್ಯಾಸಕ್ಕೆ ಇಳಿಯುವಂತಿಲ್ಲ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರ ಒಮ್ಮತದ ಪ್ರಕಾರ ಮೊದಲ 24ರಿಂದ 48 ಗಂಟೆ ಹೆಚ್ಚು ಶ್ರಮವಿಲ್ಲದೆ, ಮೊಬೈಲು, ಕಂಪ್ಯೂಟರ್ ತೆರೆಗಳನ್ನು ಕಡಿಮೆ ಮಾಡಿ ಇರಬೇಕು. ಹಾಗೆಂದು ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಬೇಕಿಲ್ಲ, ಹಗುರವಾದ ನಡಿಗೆ ಒಳ್ಳೆಯದೇ. ಆಮೇಲೆ ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ ಕೊಟ್ಟು ಏರಬೇಕು, ಎದುರಾಳಿಯ ಸಂಪರ್ಕವಿರುವ ಅಭ್ಯಾಸ ಎಲ್ಲ ಲಕ್ಷಣಗಳೂ ಹೋಗಿ ವೈದ್ಯರು ಒಪ್ಪಿದ ಮೇಲೆ ಮಾತ್ರ. ವಾಂತಿ ಮರುಕಳಿಸುವುದು, ತಲೆನೋವು ಹೆಚ್ಚುತ್ತಲೇ ಹೋಗುವುದು, ಎಬ್ಬಿಸಿದರೂ ಏಳದಂಥ ಮಂಪರು, ಎರಡು ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ, ಕೈಕಾಲಿನಲ್ಲಿ ಬಲಹೀನತೆ, ಫಿಟ್ಸ್, ಕುತ್ತಿಗೆಯ ತೀವ್ರ ನೋವು, ಇವುಗಳಲ್ಲಿ ಒಂದು ಕಂಡರೂ ಅದು ತುರ್ತು ಸ್ಥಿತಿ. ಅಂದು ಆ ವ್ಯಕ್ತಿ ಸ್ಕೂಟರ್ ಓಡಿಸಿಕೊಂಡು ಒಬ್ಬರೇ ಮನೆಗೆ ಹೋಗಬಾರದು.

ಹೆಡ್‌ಗಾರ್ಡ್ ಹಾಕಿಕೊಂಡರೆ ಸಾಕಲ್ಲವೆ ಎಂದು ಇದರ ಹಿಂದೆಯೇ ಕೇಳುತ್ತಾರೆ. ಅದು ಹುಬ್ಬು ಸೀಳುವುದನ್ನು, ತರಚುವುದನ್ನು ತಡೆಯುತ್ತದೆ. ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯುತ್ತದೆ ಎಂದು ಸಾಬೀತಾಗಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರ ಬಾಕ್ಸಿಂಗ್‌ನಿಂದ ಹೆಡ್‌ಗಾರ್ಡನ್ನು ತೆಗೆದೇ ಹಾಕಿದ್ದು ನಿಮಗೆ ನೆನಪಿರಬಹುದು. ಆರೋಗ್ಯಕ್ಕಾಗಿ ಬಂದವರು ತಲೆಗೆ ಹೊಡೆಸಿಕೊಳ್ಳುವ ಅಗತ್ಯವೇ ಇಲ್ಲ ಎಂಬುದು ನನ್ನ ಖಚಿತ ನಿಲುವು.

ಕಾಲು ಉಳುಕಿದರೆ ಮನೆಯಲ್ಲೇ ನೋಡಿಕೊಳ್ಳಬಹುದೆ? ಉಳುಕು ತೆಗೆಸಬಹುದೆ?

ಪಾದದ ಕೀಲಿನ ಉಳುಕು ಸಾಮಾನ್ಯವಾಗಿ ಪಾದ ಒಳಕ್ಕೆ ಮಗುಚಿಕೊಂಡು, ಪಾದದ ಗಂಟಿನ ಹೊರಬದಿಯ ಉಬ್ಬುಮೂಳೆಯ ಮುಂದಿರುವ ಅಸ್ಥಿರಜ್ಜು ಜಗ್ಗಿ ಆಗುತ್ತದೆ. ಮೂಳೆ ಮುರಿದಿದೆಯೆ ಎಂದು ಅಂದಾಜಿಸಲು ವೈದ್ಯರು ಬಳಸುವ ಒಟ್ಟಾವಾ ಸೂತ್ರಗಳನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು. ಪೆಟ್ಟಾದ ಕೂಡಲೇ ಮತ್ತು ಆಮೇಲೆಯೂ ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಪಾದದ ಗಂಟಿನ ಒಳಬದಿ ಇಲ್ಲವೇ ಹೊರಬದಿಯ ಉಬ್ಬುಮೂಳೆಯ ಹಿಂಭಾಗವನ್ನು, ಕಿರುಬೆರಳಿನಿಂದ ಹಿಂದೆ ಪಾದದ ಹೊರ ಅಂಚಿನ ಮಧ್ಯದಲ್ಲಿರುವ ಗಂಟನ್ನು ಒತ್ತಿದಾಗ ಮೂಳೆಯಲ್ಲೇ ನೋವಾದರೆ ಎಕ್ಸ್‌ರೇ ಬೇಕು.

ಎಕ್ಸ್‌ರೇಗೆ ಮುನ್ನ ಯಾರಿಂದಲೂ ನೀವಿಸಬೇಡಿ, ಎಳೆಸಬೇಡಿ. ಉಳುಕು ತೆಗೆಸುವುದು, ನಾಟಿ ಕಟ್ಟು ಹಾಕಿಸುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದದ್ದು, ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಒಳಗೆ ಮುರಿತವಿದ್ದರೆ ಎಳೆತದಿಂದ ಅದು ಜರುಗುತ್ತದೆ, ಬಿಗಿಯಾದ ಕಟ್ಟಿನಿಂದ ರಕ್ತದ ಓಟ ನಿಲ್ಲುತ್ತದೆ. ಕಟ್ಟಿನ ಕೆಳಗಿನ ಬೆರಳುಗಳು ತಣ್ಣಗಾಗಿ, ನೀಲಿಗಟ್ಟಿ, ಜೋಮು ಹಿಡಿದರೆ ಆ ಕಟ್ಟನ್ನು ಕೂಡಲೇ ಸಡಿಲಿಸಬೇಕು.

ಮುರಿತವಿಲ್ಲವೆಂದು ಖಚಿತವಾದ ಮೇಲೆ ಕಾಲನ್ನು ಎತ್ತರದಲ್ಲಿಡುವುದು, ಹಿತವಾದ ಒತ್ತಡದ ಬ್ಯಾಂಡೇಜು, ನೋವಿಗೆ ಸ್ವಲ್ಪ ಹೊತ್ತು ಬಟ್ಟೆ ಸುತ್ತಿದ ಐಸ್. ವಿಶ್ರಾಂತಿ, ಐಸ್, ಒತ್ತಡ, ಎತ್ತರ ಎಂಬ ಪ್ರಸಿದ್ಧ ಸೂತ್ರವನ್ನು 1978ರಲ್ಲಿ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಪೂರ್ಣ ವಿಶ್ರಾಂತಿ ಮತ್ತು ಐಸ್ ಗಾಯ ಮಾಯುವುದನ್ನು ನಿಧಾನಗೊಳಿಸಬಹುದೆಂದು ಮುಂದೆ ತಿದ್ದಿಕೊಂಡರು. ಈಗಿನ ಒಲವು, ಒಂದೆರಡು ದಿನದ ನಂತರ ನೋವಿನ ಮಿತಿಯೊಳಗೆ ಕಾಲನ್ನು ಆಡಿಸುವುದು, ಭಾರ ಹಾಕುತ್ತ ಹೋಗುವುದು. ಎರಡು ಮೂರು ವಾರ ಒಂಟಿ ಕಾಲಲ್ಲಿ ನಿಲ್ಲುವ ಅಭ್ಯಾಸ ಮಾಡದೆ ಮರಳಿದವರ ಕಾಲು ಮತ್ತೆ ಮತ್ತೆ ಉಳುಕುತ್ತದೆ. ಇದನ್ನು ನಾನು ನನ್ನ ಬಲಗಾಲಿನಿಂದಲೇ ಕಲಿತೆ.

ಒದೆತದ ಅಭ್ಯಾಸದಿಂದ ಮಂಡಿ ಸವೆಯುತ್ತದೆಯೆ?

ಸರಿಯಾಗಿ ಒದ್ದರೆ ಸವೆಯುವ ಪ್ರಶ್ನೆ ದೊಡ್ಡದಲ್ಲ. ಒದೆಯುವ ಕಾಲಿಗಿಂತ ನಿಂತ ಕಾಲಿನ ಕಡೆಗೆ ಗಮನ ಬೇಕು. ಅಡ್ಡ ಬೀಸಿ ಒದೆಯುವ ಮವಾಶಿ-ಗೆರಿಯಲ್ಲಿ ಸೊಂಟ ತಿರುಗುತ್ತದೆ. ನಿಂತ ಪಾದ ಅದರ ಜೊತೆಗೇ ತಿರುಗಿ, ಹಿಮ್ಮಡಿ ಗುರಿಯ ಕಡೆಗೆ ಬರಬೇಕು. ಪಾದ ನೆಲಕ್ಕೆ ಕಚ್ಚಿಕೊಂಡು ಮೇಲಿನ ದೇಹವಷ್ಟೇ ತಿರುಗಿದರೆ ಆ ತಿರುಚಿನ ಪೂರ್ತಿ ಭಾರ ಮಂಡಿಯ ಒಳಗಿನ ಮೆನಿಸ್ಕಸ್ ಎಂಬ ಮೃದ್ವಸ್ಥಿಯ ಮೆತ್ತೆ ಮತ್ತು ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ. ಹೊಸ ರಬ್ಬರ್ ಮ್ಯಾಟ್, ಬೆವರಿದ ಬರಿಗಾಲು, ಇವೆರಡೂ ಸೇರಿದಾಗ ಪಾದ ಹೀಗೆ ಕಚ್ಚಿಕೊಳ್ಳುತ್ತದೆ. ಗೋಡೆ ಹಿಡಿದು, ಒದೆಯದೆ, ಪಾದ ತಿರುಗಿಸುವುದನ್ನಷ್ಟೇ ಐವತ್ತು ಸಲ ಮಾಡಿ ನೋಡಿ. ಯಾವ ಮಂಡಿಪಟ್ಟಿಯೂ ಕೊಡದ ರಕ್ಷಣೆ ಅದರಲ್ಲಿದೆ. ಸೊಂಟದ ಮಟ್ಟಕ್ಕಿಂತ ಎತ್ತರಕ್ಕೆ ಒದೆಯಲು ಅವಸರ ಬೇಡ. ಎತ್ತರ ಸಿಗಬೇಕಾದದ್ದು ಸೊಂಟದ ಸಡಿಲಿಕೆಯಿಂದ. ಬೀಸಿನಿಂದ ಎತ್ತರ ಪಡೆಯಲು ಹೋದವರ ತೊಡೆಯ ಹಿಂಭಾಗ ಜಗ್ಗುತ್ತದೆ, ಅದು ಮಾಯಲು ವಾರಗಳು ಬೇಕು.

ಮಂಡಿಯಲ್ಲಿ ಟಪ್ ಎಂಬ ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ಅಥವಾ ಮಂಡಿ ಅರ್ಧದಲ್ಲೇ ಸಿಕ್ಕಿಹಾಕಿಕೊಂಡರೆ ಮೂಳೆ ತಜ್ಞರನ್ನು ಕಾಣಿ.

ನೆಲ ಮತ್ತು ಸಾಧನಗಳ ವಿಷಯದಲ್ಲಿ ಏನನ್ನು ನೋಡಬೇಕು?

ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನ ಗ್ರಾನೈಟ್ ನೆಲದ ಮೇಲೆ, ತಾರಸಿಯ ಸಿಮೆಂಟಿನ ಮೇಲೆ ನಡೆಯುವ ತರಗತಿಗಳು ನಮ್ಮ ಊರುಗಳಲ್ಲಿ ಬಹಳ. ಅಲ್ಲಿ ಕಾಟಾ ಮಾಡಬಹುದು. ಜಿಗಿತ, ಬೀಳುವುದು, ಎಸೆಯುವುದು ಸಲ್ಲದು. ಒಗಟಿನ ಚೂರುಗಳಂತೆ ಕೂಡಿಸುವ ಮ್ಯಾಟ್‌ಗಳಲ್ಲಿ ಒದೆತದ ಅಭ್ಯಾಸಕ್ಕೆ ಸುಮಾರು 20 ಮಿಲಿಮೀಟರ್ ದಪ್ಪದವು ನಡೆದೀತು, ಎಸೆತಕ್ಕೆ 40 ಮಿಲಿಮೀಟರಿನವು ಬೇಕು, ಅವುಗಳ ನಡುವೆ ಬಿರುಕು ಬಿಟ್ಟಿರಬಾರದು. ಕಾಲ್ಬೆರಳು ಸಿಕ್ಕಿಕೊಳ್ಳುವುದು ಅಲ್ಲಿಯೇ. ಗರಡಿಯ ಮಟ್ಟಿಯನ್ನು ದಿನವೂ ಅಗೆದು ಸಡಿಲಿಸಿ ಹದಗೊಳಿಸುವ ನಮ್ಮ ಹಿರಿಯರ ಪದ್ಧತಿಯ ಹಿಂದೆ ಇದೇ ವಿವೇಕವಿತ್ತು.

ಉಂಗುರ, ಬಳೆ, ಸರ, ಕಿವಿಯೋಲೆಗಳನ್ನು ತೆಗೆದಿಡುವುದು ಎಲ್ಲರಿಗೂ ಗೊತ್ತು. ಕಾಲುಂಗುರ ಮಾತ್ರ ಮರೆತುಹೋಗುತ್ತದೆ. ಪ್ಯಾಡಿಗೆ ಒದ್ದಾಗ ಅದು ಬೆರಳಿಗೆ ಒತ್ತಿ ಕೊಯ್ಯುತ್ತದೆ, ಬೆರಳು ಊದಿದರೆ ತೆಗೆಯಲಿಕ್ಕೇ ಬರುವುದಿಲ್ಲ. ತೆಗೆಯುವ ಮನಸ್ಸಿಲ್ಲದವರು ಒದೆತದ ದಿನಗಳಲ್ಲಿ ಮೆತ್ತನೆಯ ಫುಟ್‌ಗಾರ್ಡ್ ಹಾಕಿಕೊಳ್ಳಬಹುದು. ಕೈಗೆ 4.5 ಮೀಟರಿನ ಪಟ್ಟಿ ಸುತ್ತಿ, ಮಣಿಕಟ್ಟನ್ನು ನೆಟ್ಟಗಿಟ್ಟು, ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳಿಂದ ಚೀಲವನ್ನು ಹೊಡೆಯಬೇಕು. ಕಿರುಬೆರಳಿನ ಕಡೆಯಿಂದ ತಾಗಿದರೆ ಅದರ ಬುಡದ ಅಂಗೈ ಮೂಳೆ ಮುರಿಯುತ್ತದೆ. ಸಂಪರ್ಕವಿರುವ ಯಾವ ಅಭ್ಯಾಸಕ್ಕೂ ಮೌತ್‌ಗಾರ್ಡ್ ಇಲ್ಲದೆ ಇಳಿಯಬೇಡಿ. ಹಲ್ಲು ಪೂರ್ತಿ ಕಿತ್ತು ಬಂದರೆ ಬೇರನ್ನು ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರನ್ನು ತಲುಪಿದರೆ ಉಳಿಸುವ ಅವಕಾಶವಿರುತ್ತದೆ.

ಮ್ಯಾಟ್‌ನಿಂದ ಚರ್ಮರೋಗ ಬರುತ್ತದೆಯೆ?

ಬರುತ್ತದೆ, ಮೈಗೆ ಮೈ ತಾಗುವ ಕಲೆಗಳಲ್ಲಿ ಹೆಚ್ಚು. ಹುಳುಕಡ್ಡಿ, ಕೀವುಗುಳ್ಳೆ, ಹರ್ಪಿಸ್ ಮೂರೂ ಹರಡುತ್ತವೆ. ತರಗತಿ ಮುಗಿದ ಕೂಡಲೇ ಸ್ನಾನ, ದಿನವೂ ಒಗೆದ ಬಟ್ಟೆ, ಕತ್ತರಿಸಿದ ಉಗುರು, ಸೋಂಕುನಾಶಕದಿಂದ ಒರೆಸಿದ ಮ್ಯಾಟ್. ಮೈಮೇಲೆ ಕಲೆ ಕಂಡವರು ವಾಸಿಯಾಗುವವರೆಗೆ ಬರಬಾರದು. ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆಸಿದ ಮುಲಾಮು ಹಚ್ಚಿದರೆ ಹುಳುಕಡ್ಡಿ ಅಡಗಿದಂತೆ ಕಂಡು ಇನ್ನಷ್ಟು ಹಬ್ಬುತ್ತದೆ.

ಮಹಿಳೆಯರು ವಿಶೇಷವಾಗಿ ಗಮನಿಸಬೇಕಾದದ್ದಿದೆಯೆ?

ಜಿಗಿದು ಇಳಿಯುವ, ಥಟ್ಟನೆ ತಿರುಗುವ ಆಟಗಳಲ್ಲಿ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಸಂಭವ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು. ಇಳಿಯುವಾಗ ಮಂಡಿಗಳು ಒಳಕ್ಕೆ ಕುಸಿಯದಂತೆ ನೋಡಿಕೊಳ್ಳುವುದು, ತೊಡೆಯ ಹಿಂಭಾಗ ಮತ್ತು ನಿತಂಬದ ಸ್ನಾಯುಗಳನ್ನು ಬಲಪಡಿಸುವುದು ಇದನ್ನು ತಗ್ಗಿಸುತ್ತದೆ. ಗರ್ಭಿಣಿಯರು ಹೊಡೆತ, ಎಸೆತ, ಬೀಳುವಿಕೆ ಇರುವ ಅಭ್ಯಾಸವನ್ನು ಬಿಡಬೇಕು. ಹೆರಿಗೆಯ ನಂತರ ಜಿಗಿದಾಗ ಮೂತ್ರ ಸೋರಿದರೆ ಅದು ನಾಚಿಕೆಯ ವಿಷಯವಲ್ಲ, ಫಿಜಿಯೋಥೆರಪಿಯಿಂದ ಸುಧಾರಿಸುವಂಥದ್ದು. ಮುಟ್ಟು ನಿಂತ ಮೇಲೆ ಮೂಳೆ ತೆಳುವಾಗುವುದರಿಂದ ಎಸೆತದ ಕಲೆಗಳಿಗೆ ಇಳಿಯುವ ಮುನ್ನ ಮೂಳೆಸಾಂದ್ರತೆಯ ಬಗ್ಗೆ ವೈದ್ಯರೊಡನೆ ಮಾತಾಡುವುದು ಒಳ್ಳೆಯದು.

ನೋವಿನ ಮಾತ್ರೆ ನುಂಗಿ ತರಗತಿಗೆ ಹೋಗಬಹುದೆ?

ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿದರೆ ನೋವು ಅಡಗುತ್ತದೆ, ಗಾಯ ಹಾಗೆಯೇ ಇರುತ್ತದೆ. ನಿಲ್ಲಿಸು ಎಂದು ದೇಹ ಹೇಳುವ ಮಾತು ಕೇಳಿಸದಂತಾಗುತ್ತದೆ. ರಕ್ತದೊತ್ತಡ ಇರುವವರಿಗೆ, ಬೆವರಿ ನೀರು ಕಡಿಮೆಯಾದವರಿಗೆ ಅವು ಮೂತ್ರಪಿಂಡಕ್ಕೂ ಹೊರೆ. ಸ್ನಾಯುಗಳಲ್ಲಿ ಎರಡೂ ಪಕ್ಕಕ್ಕೆ ಸಮನಾಗಿ ಹರಡಿದ, ಮೈ ಬಿಸಿಯಾದಂತೆ ತಗ್ಗುವ ನೋವು ಸಹಜ. ಒಂದೇ ಬಿಂದುವಿನಲ್ಲಿ ಚುಚ್ಚುವ, ಕೀಲಿನ ಒಳಗಿನ, ಅಭ್ಯಾಸ ಮುಂದುವರಿದಂತೆ ಹೆಚ್ಚುವ, ರಾತ್ರಿ ಎಚ್ಚರಿಸುವ ನೋವು ಸಹಜವಲ್ಲ.

ಒಳ್ಳೆಯ ಶಿಕ್ಷಕರನ್ನು ಗುರುತಿಸುವುದು ಹೇಗೆ?

ಶುಲ್ಕ ಕಟ್ಟುವ ಮೊದಲು ಒಂದು ಪೂರ್ತಿ ತರಗತಿಯನ್ನು ಗೋಡೆಯ ಪಕ್ಕ ಕುಳಿತು ನೋಡಿ. ಗೋಡೆಯ ಮೇಲಿನ ಪ್ರಮಾಣಪತ್ರಗಳಿಗಿಂತ ಹೆಚ್ಚಾಗಿ, ಯಾರಾದರೂ "ಸರ್, ಮಂಡಿ ನೋಯ್ತಿದೆ" ಎಂದಾಗ ಶಿಕ್ಷಕರು ಏನು ಮಾಡುತ್ತಾರೆ ಎಂಬುದನ್ನು ಗಮನಿಸಿ. ಬದಲಿ ಅಭ್ಯಾಸ ಕೊಡುವವರು ಬಲ್ಲವರು. ಎಲ್ಲರೆದುರು ಹಂಗಿಸುವವರ ಬಳಿ ಸೇರಬೇಡಿ. ಮಕ್ಕಳನ್ನೂ ಐವತ್ತರ ಹರೆಯದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದೇ ಎಣಿಕೆಗೆ ಕುಣಿಸುತ್ತಾರೆಯೆ, ಜೋಡಿಗಳನ್ನು ತೂಕ ನೋಡಿ ಕೂಡಿಸುತ್ತಾರೆಯೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದರೆ ತಟ್ಟನೆ ತೋರಿಸುತ್ತಾರೆಯೆ ಎಂದೂ ನೋಡಿ. ನಾನು ಮೊದಲು ಸೇರಿದ್ದ ಒಂದು ಕಡೆ, ನೆಟ್ಟಗೆ ಕಾಲು ಚಾಚಿ ಕುಳಿತವರ ಬೆನ್ನ ಮೇಲೆ ಇನ್ನೊಬ್ಬರು ಭಾರ ಹಾಕಿ ಬಗ್ಗಿಸುತ್ತಿದ್ದರು. ಅಲ್ಲಿ ಜಗ್ಗಿದ ನನ್ನ ಬೆನ್ನು ಸರಿಹೋಗಲು ನಾಲ್ಕು ತಿಂಗಳು ಹಿಡಿಯಿತು.

ಗಾಯದ ನಂತರ ಯಾವಾಗ ಮರಳಬಹುದು?

ದಿನಗಳ ಲೆಕ್ಕಕ್ಕಿಂತ ಕೆಲಸದ ಲೆಕ್ಕ ಸರಿ. ಕಾಲಿನ ಗಾಯವಾದರೆ, ನೋವಿಲ್ಲದೆ ಬಿರುಸಾಗಿ ನಡೆಯಲು, ಗಾಯವಾದ ಕಾಲೊಂದರಲ್ಲೇ ಇಪ್ಪತ್ತು ಸಲ ಹಿಮ್ಮಡಿ ಎತ್ತಲು, ಕಣ್ಣು ತೆರೆದು ಅರ್ಧ ನಿಮಿಷ ನಿಲ್ಲಲು, ಅದೇ ಕಾಲಿನಲ್ಲಿ ಹತ್ತು ಸಲ ಕುಪ್ಪಳಿಸಲು ಬರಬೇಕು, ಮರುದಿನ ಬಾವು ಬಂದಿರಬಾರದು. ಆಗ ಮೊದಲ ವಾರ ಕಾಟಾ, ಎರಡನೆಯ ವಾರ ಪ್ಯಾಡ್, ಜೋಡಿಯೊಡನೆ ಅಭ್ಯಾಸ ಅದಾದ ಮೇಲೆ. ಮೂಳೆ ಮುರಿತ, ಶಸ್ತ್ರಚಿಕಿತ್ಸೆ, ತಲೆಯ ಪೆಟ್ಟುಗಳಿಗೆ ಇದು ಅನ್ವಯಿಸುವುದಿಲ್ಲ, ಅಲ್ಲಿ ವೈದ್ಯರ ಒಪ್ಪಿಗೆಯೇ ಬೇಕು.

ಇಂಥ ಗಾಯಗಳಿಗೆ ಆರೋಗ್ಯ ವಿಮೆ ಸಿಗುತ್ತದೆಯೆ?

ಭಾರತದ ಆರೋಗ್ಯ ವಿಮಾ ಪಾಲಿಸಿಗಳಲ್ಲಿ ಅಪಾಯಕಾರಿ ಅಥವಾ ಸಾಹಸ ಕ್ರೀಡೆಗಳ ಕುರಿತ ಪ್ರಮಾಣಿತ ಹೊರಗಿಡುವಿಕೆ, ಅವುಗಳಲ್ಲಿ ವೃತ್ತಿಪರರಾಗಿ ಭಾಗವಹಿಸಿದಾಗ ಆದ ಗಾಯದ ಚಿಕಿತ್ಸೆಗೆ ಸಂಬಂಧಿಸಿದ್ದು. ಆರೋಗ್ಯಕ್ಕಾಗಿ ಸಂಜೆಯ ತರಗತಿಗೆ ಹೋಗುವವರು ವೃತ್ತಿಪರರಲ್ಲ. ಆದರೂ ಅಪಘಾತ ವಿಮೆಯ ಪಾಲಿಸಿಗಳ ಷರತ್ತುಗಳು ಬೇರೆಯಾಗಿರಬಹುದಾದ್ದರಿಂದ ಹೊರಗಿಡುವಿಕೆಯ ಪುಟವನ್ನು ಓದಿ, ಅನುಮಾನವಿದ್ದರೆ ಕಂಪನಿಯಿಂದ ಇಮೇಲ್‌ನಲ್ಲಿ ಉತ್ತರ ಪಡೆದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಗಾಯ ಹೇಗಾಯಿತು ಎಂದು ಕೇಳಿದಾಗ ಮೆಟ್ಟಿಲಿನಿಂದ ಬಿದ್ದೆ ಎಂದು ಬದಲಿಸಿ ಹೇಳಬೇಡಿ. ಗಾಯವಾದ ಬಗೆಯನ್ನು ತಿಳಿದೇ ವೈದ್ಯರು ಒಳಗೆ ಏನು ಹರಿದಿರಬಹುದೆಂದು ಹುಡುಕುತ್ತಾರೆ.